ಪಿನ್ ಹೊಡೆದ ಕೊನೆಯ ಪುಟ

"ನನ್ನ ಹೆಂಡ್ತಿ ಎಲ್ಲಿದಾಳೆ?" ಎನ್ನುತ್ತ ಅವನು ಲೈಬ್ರರಿ ಅಕ್ಕನ ತಲೆಯನ್ನು ಮತ್ತೊಮ್ಮೆ ಕಪಾಟಿಗೆ ಬಡಿದ. ಪತ್ತೇದಾರಿ ಕಾದಂಬರಿಗಳು ದಬದಬನೆ ಉದುರಿದವು. ಅಕ್ಕನ ಹಣೆಯ ರಕ್ತ ಕಣ್ಣಿಗಿಳಿಯಿತು. "ಈ ಕೊಲೆ ಪುಸ್ತಕ ಓದಿಸಿ ಓದಿಸಿ ಅವಳ ತಲೆ ಕೆಡಿಸಿದೋಳು ನೀನೇ. ಬಾಯಿ ಬಿಡು."

ಓದಿಸಿದ್ದು ನಿಜ. "ಇದನ್ನ ತಗೊಂಡು ಹೋಗಮ್ಮ, ಕೆಳಗಿಡೋಕೆ ಮನಸ್ಸು ಬರಲ್ಲ" ಎಂದು ಅವನ ಹೆಂಡತಿಗೆ ಅಕ್ಕನೇ ಆರಿಸಿ ಆರಿಸಿ ಕೊಟ್ಟಿದ್ದಳು. ಪುಸ್ತಕ ಹಿಂದಿರುಗಿಸಲು ಬಂದಾಗಲೆಲ್ಲ ಆ ಹುಡುಗಿಯ ತೋಳಿನ ಮೇಲೆ ಹೊಸದೊಂದು ಬಾಸುಂಡೆ ಇರುತ್ತಿತ್ತು. ನಿನ್ನೆ ಪುಸ್ತಕದ ಜೊತೆ ಬಟ್ಟೆಯ ಗಂಟನ್ನೂ ತಂದಿದ್ದಳು. ಅವಳೀಗ ಎಲ್ಲಿದ್ದಾಳೆಂದು ಅಕ್ಕನಿಗೆ ಮಾತ್ರ ಗೊತ್ತು.

"ಗೊತ್ತಿದ್ರೂ ಹೇಳಲ್ಲ" ಎಂದಳು ಅಕ್ಕ. ಅವನು ಅವಳ ಕುತ್ತಿಗೆ ಹಿಸುಕಿದ. ಆಗಲೇ ಅವನ ಕಣ್ಣು ಕಾಲಬುಡದಲ್ಲಿ ಬಿದ್ದಿದ್ದ ಒಂದು ಕಾದಂಬರಿಯ ಮೇಲೆ ಹೋಯಿತು. ಅದರ ಕೊನೆಯ ಹಾಳೆಗಳಿಗೆ ಸ್ಟೇಪ್ಲರ್ ಪಿನ್ ಹೊಡೆದಿತ್ತು. ಕೊಲೆಗಾರ ಯಾರೆಂದು ಮೊದಲೇ ಇಣುಕುವ ಆತುರಗೇಡಿಗಳ ಕಾಟಕ್ಕೆ ಅಕ್ಕ ಎಲ್ಲ ಪತ್ತೇದಾರಿ ಕಾದಂಬರಿಗಳಿಗೂ ಹಾಗೆ ಮಾಡುತ್ತಿದ್ದಳು. ಪುಸ್ತಕವೆಂದರೆ ಎಣ್ಣೆ ಸೀಗೆಕಾಯಿಯಾದ ಅವನಿಗೆ ಅದೆಲ್ಲಿ ತಿಳಿಯಬೇಕು? "ಓಹೋ, ಇದರೊಳಗೆ ಬಚ್ಚಿಟ್ಟಿದೀಯಾ ವಿಳಾಸ" ಎಂದು ಕುತ್ತಿಗೆ ಬಿಟ್ಟು ಬಗ್ಗಿ, ಪುಸ್ತಕವನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ಪಿನ್ ಕೀಳತೊಡಗಿದ.

ಅಕ್ಕ ಉಸಿರೆಳೆದುಕೊಂಡು, ಷಟರ್ ಎಳೆಯುವ ಕಬ್ಬಿಣದ ಸರಳನ್ನು ಕೈಗೆತ್ತಿಕೊಂಡಳು.

"ಕೊನೆ ಪುಟ ಮೊದಲು ಓದಬಾರದು ಅಂತ ಬಂದೋರಿಗೆಲ್ಲ ಹೇಳ್ತೀನಿ" ಎಂದು ಅವನ ಮಣಿಕಟ್ಟುಗಳ ಮೇಲೆ ಬೀಸಿದಳು. ಮೂಳೆ ಲಟಕ್ಕೆಂದಿತು. ಪಿನ್ ಮಾತ್ರ ಹಾಗೇ ಇತ್ತು.