ಹಗ್ಗದ ಸರದಿ

ನರ್ಸಮ್ಮ ಟೈಲರ್ ಅಂಗಡಿಗೆ ಕಾಲಿಟ್ಟಾಗ ಅವಳ ಬಿಳಿ ಕೋಟಿನ ಬಟ್ಟೆ ಹಗ್ಗದ ಕಟ್ಟಕಡೆಯಲ್ಲಿ, ಬಾಗಿಲ ಪಕ್ಕ ನೇತಾಡುತ್ತಿತ್ತು. ಕತ್ತರಿಸಿದ ತುಂಡುಗಳು ಹಾಗೇ ಇದ್ದವು, ಒಂದು ಹೊಲಿಗೆಯೂ ಬಿದ್ದಿರಲಿಲ್ಲ. ನಾಳೆ ಬೆಳಿಗ್ಗೆ ಅವಳು ಹೆಡ್ ನರ್ಸಾಗಿ ವಾರ್ಡಿಗೆ ಹೋಗುವ ಮೊದಲ ದಿನ.

ಟೈಲರ್ ಮಾತ್ರ ಸಿಳ್ಳೆ ಹಾಕುತ್ತ ಯಾರದೋ ಅಂಗಿಗೆ ಕೊನೆಯ ಗುಂಡಿ ಹಾಕುತ್ತಿದ್ದ. ಹೋದ ವಾರದವರೆಗೆ ಅವನ ಬಾಯಲ್ಲಿ ಸಿಳ್ಳೆ ಇರಲಿ, ಉಗುಳೂ ಇರಲಿಲ್ಲ. ಯಾರು ಗದರಿದರೂ ಕೈಲಿದ್ದದ್ದು ಬಿಟ್ಟು ಅವರದ್ದನ್ನು ಹಿಡಿಯುತ್ತಿದ್ದ. ಹಾಗೆ ಹತ್ತು ಬಟ್ಟೆ ಒಟ್ಟಿಗೆ ಹಿಡಿದು, ಒಮ್ಮೆ ಅಂಗಿಗೆ ಪ್ಯಾಂಟಿನ ಕಾಲು ಕೂಡಿಸಿ, ನಿಮ್ಮ ಕೈ ಯಾಕೆ ಇಷ್ಟು ಗಿಡ್ಡ ಎಂದು ಗಿರಾಕಿಯನ್ನೇ ದಬಾಯಿಸಿದ್ದ. ಕೊನೆಗೆ ಹೆಂಡತಿ ಮಿಷನ್ನಿನಿಂದ ಬಾಗಿಲವರೆಗೆ ಹಗ್ಗ ಕಟ್ಟಿ, ಬಂದ ಬಟ್ಟೆಯನ್ನೆಲ್ಲ ಸರದಿಯಲ್ಲಿ ನೇತುಹಾಕಿದಳು. ಮಿಷನ್ನಿನ ಹತ್ತಿರ ಇರುವುದನ್ನು ಹೊಲಿಯುವುದು, ಉಳಿದದ್ದರ ಕಡೆ ಕಣ್ಣೆತ್ತಕೂಡದು, ಹಗ್ಗ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದಿದ್ದಳು.

ಅವನು ಕಣ್ಣೆತ್ತಲಿಲ್ಲ. ಎತ್ತಿದ್ದರೆ ಕಾಣುತ್ತಿತ್ತು: ಬಂದ ಗಿರಾಕಿಗಳೆಲ್ಲ ಕ್ಷೇಮ ವಿಚಾರಿಸುತ್ತಲೇ ತಮ್ಮ ಬಟ್ಟೆಯನ್ನು ತೆಗೆದು ಮುಂದಕ್ಕೆ ಸಿಕ್ಕಿಸಿ ಹೋಗುತ್ತಿದ್ದರು. ಬೇಕರಿಯವನಂತೂ ದಿನಕ್ಕೆ ಮೂರು ಸಲ ಬಂದು ತನ್ನ ಪೈಜಾಮವನ್ನು ಸೀದಾ ಸೂಜಿಯ ಬಾಯಿಗೇ ತಲುಪಿಸಿದ್ದ. ಮುಟ್ಟದೆ ಹೋದವಳು ನರ್ಸಮ್ಮ ಒಬ್ಬಳೇ.

"ಅಣ್ಣಾ, ಸೋಮವಾರ ಇದು ಎರಡನೇದಿತ್ತಲ್ಲ?"

"ನಂಗೇನು ಗೊತ್ತು ಸಿಸ್ಟರ್. ಈಗ ನಿಮ್ ಮುಂದೆ ಹದಿನಾಲ್ಕಿದೆ. ಹಗ್ಗ ಮುಟ್ಟಿದ್ರೆ ನಾಳೆ ನನ್ ಕೈಗೆ ನೀವೇ ಪಟ್ಟಿ ಕಟ್ಟಬೇಕಾಗುತ್ತೆ."

ಒಳಗಿನಿಂದ ಹೆಂಡತಿ ಬಂದಳು. ಹಗ್ಗವನ್ನು ಒಮ್ಮೆ ಉದ್ದಕ್ಕೂ ನೋಡಿದ್ದೇ ಅವಳಿಗೆ ಕಿತಾಪತಿಯೆಲ್ಲ ತಿಳಿಯಿತು. ಆದರೆ ಗಂಡನ ಎದುರು ತಾನೇ ಹಾಕಿದ ಕಟ್ಟಳೆಯನ್ನು ತಾನೇ ಮುರಿಯುವುದು ಹೇಗೆ? ಸರದಿ ಅಂದರೆ ಸರದಿಯೇ ಎಂದಳು, ಅರ್ಧ ದನಿಯಲ್ಲಿ.

ನರ್ಸಮ್ಮ ವಾದಕ್ಕಿಳಿಯಲಿಲ್ಲ. ಮಿಷನ್ನಿಗೆ ಹತ್ತಿರ ಇರೋದನ್ನ ಹೊಲೀಬೇಕು, ಅಷ್ಟೇ ತಾನೆ ಎಂದು ಕೇಳಿದಳು. ಗಂಡ ಹೆಂಡತಿ ಇಬ್ಬರೂ ತಲೆಯಾಡಿಸಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮಿಷನ್ನಿನ ಒಂದು ಬದಿ ಹಿಡಿದಳು.

"ಆ ಕಡೆ ನೀವು ಹಿಡೀರಿ ಅಕ್ಕಾ."

ಮುಂದೆ ಮಿಷನ್ನು ಹೊತ್ತ ಇಬ್ಬರು ಹೆಂಗಸರು, ಹಿಂದೆ ಸ್ಟೂಲು ಹಿಡಿದ ಟೈಲರ್. ಮೆರವಣಿಗೆ ಬಾಗಿಲಿಗೆ ಬಂದು ಇಳಿಯಿತು, ಬಿಳಿ ಬಟ್ಟೆ ಸೂಜಿಯ ಕೆಳಗೆ ಬಂತು. ಅಷ್ಟರಲ್ಲಿ ಆ ದಿನದ ಮೂರನೆಯ ಸುತ್ತಿಗೆ ಬಂದ ಬೇಕರಿಯವನು ಒಳಗೆ ಬರಲು ದಾರಿಯಿಲ್ಲದೆ, ಬೀದಿಯಲ್ಲೇ ತುದಿಗಾಲಲ್ಲಿ ನಿಂತು, ತನ್ನ ಪೈಜಾಮ ಈಗ ಎಷ್ಟನೆಯದು ಎಂದು ಎಣಿಸತೊಡಗಿದ.