ಗಟ್ಟಿ ಬುಷ್

ಮಾದೇಶ ಕೂತಿದ್ದ ಮರದ ಪೆಟ್ಟಿಗೆಯೊಳಗೇ ಕಂಪನಿಯ ಮೆತ್ತನೆಯ ಬುಷ್‌ಗಳಿದ್ದವು. ಅದರ ಮೇಲೆ ಕೂತುಕೊಂಡೇ ಅವನು, "ಕಂಪನಿ ಮಾಲು ಸದ್ಯಕ್ಕೆ ಎಲ್ಲೂ ಸಿಕ್ತಿಲ್ಲ ಸಾರ್" ಎಂದ.

ರೇಣುಕಾಪ್ರಸಾದ್ ನಂಬಿದರು. ಅವರು ರಸ್ತೆ ಎಂಜಿನಿಯರು, ಹುಣಸೂರಿಗೆ ಹೊಸದಾಗಿ ಬಂದವರು, ಮೆಕ್ಯಾನಿಕ್ ಹೇಳಿದ್ದನ್ನೂ ನಂಬುವಷ್ಟು ಸಜ್ಜನರು. ಅವರ ಕಾರು ಶೆಡ್ಡಿನಲ್ಲಿ ಜಾಕಿಯ ಮೇಲೆ ನಿಂತಿತ್ತು. ಚಕ್ರಕ್ಕೆ ಬಿದ್ದ ಪೆಟ್ಟನ್ನು ನುಂಗಿಕೊಳ್ಳಬೇಕಾದ ರಬ್ಬರ್ ಬುಷ್‌ಗಳು ಹಳೆ ಚಪ್ಪಲಿಯ ಅಟ್ಟೆಯಂತೆ ಸವೆದುಹೋಗಿದ್ದವು. ಸಣ್ಣ ಕಲ್ಲು ಸಿಕ್ಕರೂ ಕಾರು ಕಟಕಟ ಅನ್ನುತ್ತಿತ್ತು.

"ನಾಳೆ ಗಾವಡಗೆರೆ ಆಚೆ ಒಂದು ರಸ್ತೆನ ಇನ್ನೊಂದ್ಸಲ ನೋಡ್ಬೇಕು ಕಣ್ರೀ, ಮುದ್ದನಕೊಪ್ಪಲಿನದು. ಕುಲುಕೋದು ನನ್ನ ಕಾರೋ ಆ ರಸ್ತೆಯೋ ಅಂತ ಗೊತ್ತಾಗ್ಬೇಕಲ್ಲ" ಎಂದರು ಎಂಜಿನಿಯರು. "ಕಾರು ತಡ್ಕೊಳ್ಳೋ ರಸ್ತೆಯಾದ್ರೆ ಬಸ್ಸೂ ತಡ್ಕೊಳ್ಳುತ್ತೆ. ತಡೀಲಿಲ್ಲ ಅಂದ್ರೆ ನಾಳೇನೇ ಒಂದು ತೀರ್ಮಾನ ಮಾಡಿಬಿಡ್ತೀನಿ."

ಮುದ್ದನಕೊಪ್ಪಲು ಮಾದೇಶನ ಊರೇ. ಅದನ್ನವನು ಬಾಯಿಬಿಡಲಿಲ್ಲ.

"ಮಾಡಿ ಸಾರ್. ನಿಮ್ಮಂಥೋರೇ ಬರ್ಬೇಕಿತ್ತು" ಎಂದು ಮೊಳೆಗೆ ನೇತುಹಾಕಿದ್ದ ಬೇರೊಂದು ಪ್ಯಾಕೆಟ್ ಬಿಚ್ಚಿದ. ಒಳಗೆ ಹಳದಿ ಬಣ್ಣದ ಬುಷ್‌ಗಳು. "ಇವು ಬ್ಯಾರೆ ಕಂಪನೀವು. ರೇಸ್ ಕಾರಿಗೆ ಹಾಕೋದು. ನಿಮ್ಮ ಕಾರು ಗುಜರಿಗೆ ಹೋದ್ರೂ ಇವು ಹೋಗಲ್ಲ."

ಈ ಮಾತು ಸುಳ್ಳಲ್ಲ. ಅಪಾಯವೂ ಇರಲಿಲ್ಲ, ಕಾರು ಇನ್ನಷ್ಟು ಹದ್ದುಬಸ್ತಿನಲ್ಲಿ ಓಡುತ್ತದೆ. ಆದರೆ ಈ ಗಟ್ಟಿ ಬುಷ್ ಪೆಟ್ಟನ್ನು ನುಂಗುವುದಿಲ್ಲ, ನೆಟ್ಟಗೆ ಸೀಟಿಗೆ ತಲುಪಿಸುತ್ತದೆ. ದಾರಿಯಲ್ಲಿ ಕಡಲೆಕಾಯಿ ಬಿದ್ದಿದ್ದರೂ ಕೂತವನ ಬೆನ್ನಿಗೆ ಸುದ್ದಿ ಮುಟ್ಟಬೇಕು. ಮಾದೇಶನಿಗೆ ಬೇಕಾಗಿದ್ದೂ ಅದೇ.

ಊರಿನವರು ಅರ್ಜಿ ಕೊಟ್ಟೂ ಕೊಟ್ಟೂ ಸುಸ್ತಾಗಿದ್ದರು. ಇದುವರೆಗೆ ಬಂದ ಸಾಹೇಬರೆಲ್ಲ ಮೆತ್ತನೆ ಕಾರಿನಲ್ಲಿ ಬಂದು, ಎಳನೀರು ಕುಡಿದು, "ಪರವಾಗಿಲ್ಲ, ಓಡಾಡಬಹುದು" ಎಂದು ಹೋಗಿದ್ದರು. ಇನ್ನು ಈ ರಸ್ತೆಗೆ ಬಸ್ ತರಲ್ಲ ಎಂದು ಗೊಣಗುತ್ತಿದ್ದವನು ಊರಿಗೆ ಬರುವ ಒಂದೇ ಬಸ್ಸಿನ ಡ್ರೈವರು ಮಾತ್ರ. ಮಾದೇಶನ ಮಗಳು ಚೈತ್ರ ಕೆ.ಆರ್. ನಗರದ ಕಾಲೇಜಿಗೆ ಹೋಗುತ್ತಿದ್ದುದು ಅದೇ ಬಸ್ಸಿನಲ್ಲಿ. ಅಪ್ಪನ ಶೆಡ್ಡು ಒಂದು ದಿಕ್ಕು, ಮಗಳ ಕಾಲೇಜು ಇನ್ನೊಂದು ದಿಕ್ಕು. ಮೊಮ್ಮಗಳಿಗೆ ಆಗಲೇ ಗಂಡು ನೋಡಿಟ್ಟಿದ್ದ ಸಾಕಮ್ಮ, ಮಗನ ಗೋಳಾಟಕ್ಕೆ ಸೋತು ಒಂದು ಕರಾರಿಗೆ ಒಪ್ಪಿದ್ದಳು.

"ಬಸ್ ಓಡಾಡೋಗಂಟ ಓದ್ಲಿ ಕಣ್ಲಾ. ನಿಂತ ದಿನ ಗಂಡಿನ ಮನೆಗೆ ಫೋನ್ ಮಾಡ್ತೀನಿ. ಆಮೇಕೆ ಅಡ್ಡ ಬರಬ್ಯಾಡ."

ಆ ಡ್ರೈವರು ಗೊಣಗಿದಾಗಲೆಲ್ಲ ಮಾದೇಶ ಅವನಿಗೊಂದು ಟೀ ಕುಡಿಸಿ ಸಮಾಧಾನ ಮಾಡುತ್ತಿದ್ದ. ರಸ್ತೆ ರಿಪೇರಿಯಾದರೆ ಮಗಳ ಓದು ಉಳಿಯುತ್ತದೆ, ಅಷ್ಟೇ ಅವನ ಲೆಕ್ಕ. ಹಳೆ ಬುಷ್‌ಗಳನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆದ. ಗ್ರೀಸ್ ಸವರಿ ಹಳದಿ ಬುಷ್‌ಗಳನ್ನು ಕೂರಿಸಿದ. ಕಾರನ್ನು ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ ಬೋಲ್ಟ್ ಬಿಗಿದ. ಇಷ್ಟು ಶ್ರದ್ಧೆಯಿಂದ ಅವನು ತನ್ನ ಬೈಕನ್ನೂ ನೋಡಿಕೊಂಡವನಲ್ಲ. ಪುಣ್ಯ ಬರಲಿ ಎಂದು ಟಯರಿಗೆ ಗಾಳಿಯನ್ನೂ ಒಂಚೂರು ಜಾಸ್ತಿ ತುಂಬಿದ.

ಮರುದಿನ ಎಂಜಿನಿಯರು ಮುದ್ದನಕೊಪ್ಪಲಿನ ಹಾಲಿನ ಡೈರಿಯ ಮುಂದೆ ಸೊಂಟ ಹಿಡಿದುಕೊಂಡೇ ಇಳಿದರು. ಎದುರಿಗೆ ಮಾದೇಶ.

"ಓ, ನಿಮ್ಮೂರೇನ್ರೀ ಇದು?"

"ಹೂಂ ಸಾರ್. ಕಾರು ಎಂಗದೆ?"

"ಕಾರಲ್ಲಿ ಒಂಚೂರು ಸದ್ದಿಲ್ಲ. ರಸ್ತೆ ಮಾತ್ರ... ಅಯ್ಯಪ್ಪಾ, ಬೆನ್ನುಮೂಳೆ ಒಂದೊಂದೂ ಬೇರೆ ಬೇರೆ ಆಗೋಯ್ತು. ಇದನ್ನ ಇನ್ನೊಂದು ದಿನವೂ ಹೀಗೇ ಬಿಡಬಾರದು."

ಅಲ್ಲೇ ನಿಂತು ಯಾರಿಗೋ ಫೋನ್ ಮಾಡಿದರು. ಮಾದೇಶನಿಗೆ ಕಣ್ಣು ತುಂಬಿಬಂತು. ಸಾಕಮ್ಮ ಸಾಹೇಬರಿಗೆ ಮಜ್ಜಿಗೆ ತಂದುಕೊಟ್ಟಳು.

ಮಧ್ಯಾಹ್ನವೇ ಊರ ತಿರುವಿಗೆ ಟ್ರಾಕ್ಟರು ಬಂತು. ಅದರ ತುಂಬ ಕಬ್ಬಿಣದ ಕಂಬಗಳು. ರಸ್ತೆಯ ಎರಡೂ ಬದಿಗೆ ಗುಂಡಿ ತೋಡಬೇಕು, ಜನ ಸಾಲದು ಎಂದರು ಎಂಜಿನಿಯರು.

"ನಾವಿಲ್ವಾ ಸಾರ್" ಎಂದು ಮಾದೇಶ ಹಾರೆ ಕಿತ್ತುಕೊಂಡ. ಊರವರೆಲ್ಲ ಕೈಹಾಕಿದರು. ರಸ್ತೆ ಕೆಲಸದ ಪೂಜೆಗೆ ದೊಡ್ಡೋರು ಬರ್ತಾರೇನೋ, ಅದಕ್ಕೇ ಕಮಾನು ಕಟ್ತಿರ್ಬೇಕು ಎಂದು ತಮ್ಮಲ್ಲೇ ಮಾತಾಡಿಕೊಂಡರು.

"ಆಳ್ವಾಗಿ ತೋಡ್ಲಾ ಮಾದೇಸ, ಕಂಬ ಅಲ್ಲಾಡ್ಬಾರ್ದು" ಎಂದಳು ಸಾಕಮ್ಮ. ಕಂಬ ಇಳಿಸಿ, ಸುತ್ತ ಕಲ್ಲು ತುಂಬಿ ಜಡಿದರು. ಮಾದೇಶ ಬೆವರು ಒರೆಸಿಕೊಂಡು ಸಂತೋಷದಿಂದ ನೋಡುತ್ತಿದ್ದಂತೆ, ಟ್ರಾಕ್ಟರಿನವರು ಎರಡು ಕಂಬಗಳಿಗೂ ಸೇರಿಸಿ ಅಡ್ಡಲಾಗಿ ಒಂದು ತೊಲೆ ಎತ್ತಿ ಬೋಲ್ಟ್ ಹಾಕಿದರು. ಕಮಾನಿಗೆ ತೀರಾ ತಗ್ಗಾಯಿತು.

"ಸಾರ್, ಇಷ್ಟು ತಗ್ಗಿದ್ರೆ ಬಸ್ ಎಂಗೆ ನುಗ್ಗುತ್ತೆ?"

"ನುಗ್ಗಬಾರದು ಅಂತಲೇ ಕಣ್ರೀ. ಇಂಥ ರಸ್ತೇಲಿ ಜನ ತುಂಬಿದ ಬಸ್ ಬಿಡೋದುಂಟೇ? ರಿಪೇರಿಗೆ ದುಡ್ಡು ಬರೋವಾಗ ಬರಲಿ." ಎಂಜಿನಿಯರು ಅವನ ಹೆಗಲ ಮೇಲೆ ಕೈಯಿಟ್ಟರು. "ನಿನ್ನೆವರೆಗೂ ಬಸ್ ಓಡಾಡಬಹುದು ಅಂತಲೇ ಬರೆಯೋಣ ಅಂತಿದ್ದೆ. ಹೋದ ವಾರ ಬಂದಾಗ ಕುಲುಕಾಟವೆಲ್ಲ ನನ್ನ ಕಾರಿನದೇ ಅಂದ್ಕೊಂಡಿದ್ದೆ. ನಿಮ್ಮ ಬುಷ್ಷಿಂದ ನಿಜ ಗೊತ್ತಾಯ್ತು ನೋಡಿ."

ಅವರ ಕಾರು ತೊಲೆಯಡಿ ಸದ್ದಿಲ್ಲದೆ ನುಸುಳಿಹೋಯಿತು. ಸಂಜೆ ಬಸ್ಸು ಬಂದು ತೊಲೆಯ ಮುಂದೆ ನಿಂತಿತು. ಡ್ರೈವರು ಗೊಣಗದೆ ಹಿಂದಕ್ಕೆ ತಿರುಗಿಸಿಕೊಂಡ. ಇಳಿದ ಚೈತ್ರ ಪುಸ್ತಕದ ಚೀಲ ಹೊತ್ತು ತೊಲೆಯಡಿ ನಡೆದುಬಂದು, ಅಪ್ಪನ ಕೈಯಲ್ಲಿದ್ದ ಹಾರೆಯನ್ನೇ ನೋಡಿದಳು.

ಸಾಕಮ್ಮ ಕಂಬವನ್ನೊಮ್ಮೆ ಅಲುಗಿಸಿ ನೋಡಿ, ಅದು ಅಲುಗದಿದ್ದುದಕ್ಕೆ ಸಮಾಧಾನಪಟ್ಟುಕೊಂಡು, "ಗಂಡಿನ ಮನೆ ನಂಬರ್ ಒತ್ತಿಕೊಡ್ಲಾ" ಎಂದಳು.