ಮೂಗುತಿಗೆ ದೊಡ್ಡ ಸುರುಳಿ

ಮೂಗುತಿ ಹೊಳೆಗೆ ಬಿತ್ತು ಎಂಬ ಮಾತನ್ನು ದಂಡೆಯ ಮೇಲಿದ್ದ ಯಾರೂ ಪೂರ್ತಿ ನಂಬಿರಲಿಲ್ಲ. ಜಂಬಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಹರಿಗೋಲು ಹಾಯುವ ಮಡುವಿನ ಕಡೆ ಕೈ ತೋರಿಸುತ್ತಿದ್ದಳು. ಅವಳು ದಿನಾ ಬಟ್ಟೆ ಒಗೆಯುವ ಕಲ್ಲು ಇದ್ದದ್ದು ಅಲ್ಲಿಂದ ಎಷ್ಟೋ ಈಚೆಗೆ.

"ಅಷ್ಟು ದೂರ ಹ್ಯಾಂಗ ಹೋತವ್ವಾ, ಮೂಗುತಿಗೆ ರೆಕ್ಕಿ ಇದ್ವೇನು?" ಎಂದಳು ದ್ಯಾಮಕ್ಕ. ಹೆಂಗಸರು ನಕ್ಕರು.

ಜಂಬಮ್ಮನ ಗಂಡ ಗಾದೆಪ್ಪ ಊರು ಬಿಟ್ಟು ಎರಡು ವರ್ಷವಾಗಿತ್ತು. ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹಡಗಲಿ ಪೇಟೆಗೆ ಹಾಲು ಹಾಕುತ್ತಿದ್ದವನು ಒಂದು ನಸುಕಿನಲ್ಲಿ ಸೈಕಲ್ ಸಮೇತ ಹರಿಗೋಲು ಹತ್ತಿ ಹೊಳೆ ದಾಟಿದ್ದ. ಆಚೆ ದಡದಲ್ಲಿ ಯಾವಳೋ ಕಾಯುತ್ತಿದ್ದಳಂತೆ. ಹೀಗೆಂದು ಊರಿಗೆ ಹೇಳಿದವನು ಹರಿಗೋಲು ನಡೆಸುವ ಅವನ ತಮ್ಮ ಹುಲುಗಣ್ಣ. ಎಷ್ಟು ಬೇಡಿಕೊಂಡರೂ ಕೇಳಲಿಲ್ಲ, ನನ್ನ ಕೈಯಾರೆ ದಾಟಿಸಿದೆ ಎಂದು ಅತ್ತಿದ್ದ. ಅಂದಿನಿಂದ ಅಣ್ಣನ ಪಾಲಿನ ಹೊಲವನ್ನೂ ಅವನೇ ಉಳುತ್ತಿದ್ದ.

ಹೋದ ಬೇಸಿಗೆಯಲ್ಲಿ ಜಂಬಮ್ಮ ಆಚೆ ದಡದ ಊರುಗಳನ್ನು ಸುತ್ತಿ ಬಂದಳು. ಬಂದವಳು ಮತ್ತೆ ಗಂಡನ ಮಾತೆತ್ತಲಿಲ್ಲ. ಸವತಿಯನ್ನು ಕಣ್ಣಾರೆ ಕಂಡಿರಬೇಕು ಎಂದುಕೊಂಡಿತು ಊರು. ಈಚೆಗೆ ಅವಳು ಒಬ್ಬಳೇ ಕೂಡ್ಲಿಗಿ ಬಸ್ಸಿಳಿದದ್ದನ್ನು ಕಂಡವರಿದ್ದರು. ಅದಾಗಿ ಕೆಲವೇ ದಿನಕ್ಕೆ ಮೂಗು ಬೋಳು. ಮಾರಿದಳೋ, ಯಾರಿಗಾದರೂ ಕೊಟ್ಟಳೋ?

ಹುಲುಗಣ್ಣ ಹೊಸದು ಮಾಡಿಸಿಕೊಡುತ್ತೇನೆ ಎಂದಿದ್ದ. ಅವನ ತಾಯಿ ಕರಿಯಕ್ಕ ಒಪ್ಪಲಿಲ್ಲ. ಗಂಡ ಬದುಕಿರುವವಳ ಮೂಗುತಿ ಹೊಳೆಪಾಲಾದರೆ ಮನೆಯ ಗಂಡಸರು ಹುಡುಕದೆ ಬಿಡಬಾರದು. ಬಿಟ್ಟರೆ ಅವಳನ್ನು ಮುಂಡೆ ಎಂದು ಒಪ್ಪಿಕೊಂಡಂತೆ. ಅದು ಅವರ ಮನೆತನದ ಕಟ್ಟಳೆ.

"ನಿಮ್ಮಣ್ಣ ಅದಾನೋ, ಇಲ್ಲೋ?" ಎಂದು ಕರಿಯಕ್ಕ ಕೇಳಿದ್ದಳು. "ಅದಾನ ಅಂದ್ರ ಹುಡುಕು."

ಹುಲುಗಣ್ಣನಿಗೆ ಬೇರೆ ದಾರಿ ಇರಲಿಲ್ಲ. ಕೂಡ್ಲಿಗಿಯಲ್ಲಿ ಲೋಹ ಹುಡುಕುವ ಯಂತ್ರವಿದೆ ಎಂಬುದೂ ಜಂಬಮ್ಮ ಅತ್ತೆಯ ಕಿವಿಗೆ ಹಾಕಿದ ಮಾತೇ.

ಯಂತ್ರ ರೇಡಿಯೋ ರಿಪೇರಿಯ ನಾಗೇಂದ್ರಪ್ಪನದು. ಬಾವಿಗೆ ಬಿದ್ದ ಪಂಪಿನ ಸಾಮಾನು ಹುಡುಕಲು ತಾನೇ ಕಟ್ಟಿಕೊಂಡದ್ದು. ಹೆಗಲಿಗೆ ಪೆಟ್ಟಿಗೆ, ಕಿವಿಗೆ ಹೆಡ್‌ಫೋನ್, ಕೋಲಿನ ತುದಿಗೆ ನೀರಿಳಿಯದಂತೆ ಡಾಂಬರು ಬಳಿದ ತಂತಿಯ ಸುರುಳಿ. ಸಣ್ಣ ಸುರುಳಿಯೊಂದೇ ಸಾಕೆಂದು ಹುಲುಗಣ್ಣ ಹೇಳಿ ಬಂದಿದ್ದ. ನಾಗೇಂದ್ರಪ್ಪ ಎರಡನ್ನೂ ತಂದಿದ್ದ: ಒಂದು ಚಹಾ ಕಪ್ಪಿನ ಬಸಿಯಷ್ಟು, ಇನ್ನೊಂದು ಮೊರದಷ್ಟು.

ಮೊದಲು ಸಣ್ಣದನ್ನು ಕಟ್ಟಿ ಒಗೆಯುವ ಕಲ್ಲಿನ ಸುತ್ತ ಆಡಿಸಿದ. ಒಂದು ಎತ್ತಿನ ಲಾಳ ಸಿಕ್ಕಿತು, ಒಂದು ಸೋಡಾ ಬಾಟಲಿಯ ಮುಚ್ಚಳ. ಹುಲುಗಣ್ಣ ಅಷ್ಟಕ್ಕೇ ಸಾಕು ಮಾಡೋಣ ಎಂದ.

"ಮಡುವಿನಾಗ ನೋಡ್ರಿ," ಎಂದಳು ಜಂಬಮ್ಮ. "ದೊಡ್ಡದು ಹಚ್ಚಿ ನೋಡ್ರಿ."

ನಾಗೇಂದ್ರಪ್ಪ ತಾಳ್ಮೆಯಿಂದ ತಿಳಿಸಿ ಹೇಳಿದ. ಸುರುಳಿ ದೊಡ್ಡದಾದಷ್ಟೂ ಆಳ ಮುಟ್ಟುತ್ತದೆ, ಆದರೆ ಸಣ್ಣ ವಸ್ತು ಅದಕ್ಕೆ ಸಿಗುವುದಿಲ್ಲ. ನೀರಿನಲ್ಲಿ ಎಳೆಯುವುದೂ ಕಷ್ಟ. "ಕಾಳಿನಷ್ಟು ಬಂಗಾರಕ್ಕ ಇದು ಕಿವುಡು, ತಂಗಿ."

"ಇರವಲ್ದ್ಯಾಕ್ರಿ. ನನ್ನದು ಭಾಳ ಆಳಕ್ಕ ಹೋಗೈತಿ."

"ನೋಡ್ರಿ ಹಿಕಮತ್ತು," ಎಂದ ಹುಲುಗಣ್ಣ ಜನರ ಕಡೆ ತಿರುಗಿ. "ಸಿಗಲಿಲ್ಲ ಅಂದ್ರ ಮಿಷಿನ್ ಮ್ಯಾಲೆ ಹಾಕ್ತಾಳ. ಸಣ್ಣದ ಹಚ್ರಿ ಮಾಸ್ತರ, ಇಲ್ಲಂದ್ರ ಕಟ್ರಿ ಗಂಟು."

ಜನ ತಲೆಯಾಡಿಸಿದರು. ಅವನ ಮಾತು ನ್ಯಾಯವಾಗಿಯೇ ಇತ್ತು. ಕರಿಯಕ್ಕ ಸೊಸೆಯ ಬೋಳು ಮೂಗನ್ನು ಒಂದು ಗಳಿಗೆ ನೋಡಿದಳು.

"ಕಳಕೊಂಡಾಕಿ ಆಕಿ. ಆಕಿ ಹೇಳಿದ್ದ ಹಚ್ರಿ."

ನಾಗೇಂದ್ರಪ್ಪ ಎದೆಯುದ್ದ ನೀರಿಗೆ ಇಳಿದ. ಮೊರದಷ್ಟು ಸುರುಳಿ ಮಡುವಿನ ತಳ ಸವರುತ್ತಾ ನಿಧಾನವಾಗಿ ಸಾಗಿತು. ಜಂಬಮ್ಮ ನೀರನ್ನು ನೋಡುತ್ತಿರಲಿಲ್ಲ, ಮೈದುನನನ್ನು ನೋಡುತ್ತಿದ್ದಳು.

ನಾಗೇಂದ್ರಪ್ಪ ನಿಂತ. ಹಿಂದಕ್ಕೆ ಸರಿದ, ಮತ್ತೆ ಮುಂದೆ ಹೋದ.

"ಕಬ್ಬಿಣ," ಎಂದ. "ಒಂದು ಆಳಿನುದ್ದ ಐತಿ."

ಈಜು ಬಲ್ಲ ಇಬ್ಬರು ಮುಳುಗಿದರು. ಎರಡು ಮಳೆಗಾಲದ ಮರಳನ್ನು ಕೈಯಿಂದ ಬಗೆದರು, ಹಗ್ಗ ಬಿಗಿದರು, ದಂಡೆಯವರು ಎಳೆದರು. ಮೊದಲು ಹ್ಯಾಂಡಲ್ ಬಂತು. ಆಮೇಲೆ ತುಕ್ಕು ಹಿಡಿದ ಚಕ್ರ, ಕ್ಯಾರಿಯರಿಗೆ ತಂತಿಯಿಂದ ಬಿಗಿದ ಹಾಲಿನ ಕ್ಯಾನು.

ದ್ಯಾಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಏನೂ ತಿಳಿಯದ ನಾಗೇಂದ್ರಪ್ಪ ಮೂಗುತಿಗೆಂದು ಮತ್ತೆ ಸಣ್ಣ ಸುರುಳಿಗೆ ಕೈ ಹಾಕಿದ.

"ಬ್ಯಾಡ್ರಿ," ಎಂದಳು ಜಂಬಮ್ಮ. "ಮೂಗುತಿ ಕಳದಿಲ್ಲ."

ಕರಿಯಕ್ಕ ಕಿರಿಯ ಮಗನ ಎದುರು ಬಂದು ನಿಂತಳು. "ನಿಮ್ಮಣ್ಣನ್ನ ಎಲ್ಲಿಗೆ ದಾಟಿಸಿದೆಲೇ, ಹುಲುಗಾ?"